ನೋಯುವುದು ಕಾಲು, ಒತ್ತಿರುವುದು ಎಲ್ಲಿ?

ರಬಕವಿ-ಬನಹಟ್ಟಿಯ ಕುಣಿ ಮಗ್ಗದಲ್ಲಿ ನೇಕಾರ ನೆಲದ ಮಟ್ಟಕ್ಕೆ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ಮುಂದೆ ಬಾಗಿ ತಾಸುಗಟ್ಟಲೆ ನೇಯುತ್ತಾನೆ. ಜಮಖಂಡಿ, ಮುಧೋಳ, ಬೀಳಗಿಯ ಹೊಲಗಳಲ್ಲಿ ಕಬ್ಬು ಕಡಿಯುವವರು ಬುಡದವರೆಗೆ ಬಗ್ಗಿ ಕಡಿದು, ಹೊರೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುತ್ತಾರೆ. ಎರಡೂ ದುಡಿಮೆ ಒಂದೇ ಬಗೆಯ ನೋವು ತರಬಲ್ಲವು: ಪಿರ್ರೆಯಲ್ಲಿ ಹುಟ್ಟಿ, ತೊಡೆಯ ಹಿಂಭಾಗದಿಂದ ಪಾದದವರೆಗೆ ಇಳಿಯುವ ಚಳಕು, ಉರಿ, ಜೋಮು. ಇದೇ ಸಯಾಟಿಕಾ.

ಸಯಾಟಿಕ್ ನರ ದೇಹದಲ್ಲೇ ಅತಿ ದಪ್ಪನೆಯದು. ಬೆನ್ನುಹುರಿಯಿಂದ ಸೊಂಟದ ಕೆಳಭಾಗದಲ್ಲಿ ಹೊರಬೀಳುವ ಐದು ಬೇರುಗಳು ಕೂಡಿ ಈ ನರವಾಗುತ್ತದೆ. ಪೃಷ್ಠದ ಆಳದಲ್ಲಿರುವ ಪಿರಿಫಾರ್ಮಿಸ್ ಎಂಬ ಸ್ನಾಯುವಿನ ಅಡಿಯಿಂದ ನುಸುಳಿ ಕಾಲಿಗೆ ಇಳಿಯುತ್ತದೆ. ಮೇಲೆ ಬೇರು ಒತ್ತಿದರೂ ಆ ಬೇರಿನ ಪಾಲಿಗೆ ಬಂದ ಕಾಲಿನ ಭಾಗವೇ ನೋಯುತ್ತಿದೆಯೆಂದು ಮಿದುಳು ತಿಳಿಯುತ್ತದೆ. ಮೀನಖಂಡಕ್ಕೆ ಎಷ್ಟು ಎಣ್ಣೆ ತಿಕ್ಕಿದರೂ ಮೂಲ ಕಾರಣ ಹಾಗೇ ಉಳಿಯುವುದು ಇದಕ್ಕೇ.

ಹೆಚ್ಚಿನವರಲ್ಲಿ ಒತ್ತುವುದು ಬೆನ್ನಿನ ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್. ಇದನ್ನು 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ಸ್ಪಷ್ಟವಾಗಿ ತೋರಿಸಿದರು. ಬಗ್ಗಿ ಭಾರ ಎತ್ತುವಾಗ ಡಿಸ್ಕಿನ ಮೇಲೆ ಒತ್ತಡ ಏರುತ್ತದೆ; ಅದರ ಹೊರಪೊರೆ ಹರಿದರೆ ಒಳಗಿನ ಮೆತ್ತನೆಯ ತಿರುಳು ಹೊರಚಾಚಿ ನರದ ಬೇರನ್ನು ಒತ್ತುತ್ತದೆ, ಉರಿಯೂತವನ್ನೂ ಎಬ್ಬಿಸುತ್ತದೆ. ಕೆಮ್ಮಿದರೆ, ಸೀನಿದರೆ ಕಾಲಿಗೆ ಚಳಕು ಹೊಡೆಯುವುದು ಇದರ ಗುರುತು. ಕೆಲವರಲ್ಲಿ ಬಿಗಿದ ಪಿರಿಫಾರ್ಮಿಸ್ ಸ್ನಾಯುವೇ ನರವನ್ನು ಹಿಸುಕುತ್ತದೆ. ಅವರಿಗೆ ಕೂತಷ್ಟೂ ನೋವು ಹೆಚ್ಚು. ಗಟ್ಟಿ ಹಲಗೆಯ ಮೇಲೆ ಕೂತು ಕೂತು ಕುಳಿತುಕೊಳ್ಳುವ ಮೂಳೆಯ ಬಳಿಯ ದ್ರವದ ಚೀಲ ಊದಿಕೊಂಡರೂ ಇಂಥದೇ ನೋವು ಬರಬಹುದು. ಇದನ್ನು ಇಂಗ್ಲಿಷ್ ವೈದ್ಯರು ನೇಕಾರರ ಹೆಸರಲ್ಲೇ ‘ವೀವರ್ಸ್ ಬಾಟಮ್’ ಎಂದು ಕರೆದಿದ್ದಾರೆ.

ಸಮಾಧಾನದ ಸಂಗತಿಯೆಂದರೆ, ಡಿಸ್ಕಿನಿಂದ ಬಂದ ನೋವು ಬಹಳ ಜನರಿಗೆ 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಇಳಿಯುತ್ತದೆ. ಹೊರಚಾಚಿದ ತಿರುಳನ್ನು ದೇಹ ತಾನೇ ಕರಗಿಸಿಕೊಳ್ಳಬಲ್ಲದು. ದಿನಗಟ್ಟಲೆ ಹಾಸಿಗೆ ಹಿಡಿಯುವುದಕ್ಕಿಂತ ತಾಳುವಷ್ಟು ನಡೆದಾಡುವುದು ಒಳ್ಳೆಯದು. ನೇಯುವವರು ದಪ್ಪ ಮೆತ್ತೆ ಹಾಕಿಕೊಂಡು, ನಡುನಡುವೆ ಎದ್ದು ಓಡಾಡಬೇಕು. ಹೊರೆ ಎತ್ತುವವರು ಮೊಣಕಾಲು ಮಡಚಿ, ಹೊರೆಯನ್ನು ಮೈಗೆ ಹತ್ತಿರ ಹಿಡಿದು ಏಳಬೇಕು. ಆದರೆ ಮೂತ್ರ-ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ ಅಥವಾ ಪಾದ ಎತ್ತಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು. ತಡವಾದರೆ ಆ ಹಾನಿ ಶಾಶ್ವತವಾಗಬಹುದು.

ರೋಗಿಯನ್ನು ನೋಡುವಾಗ ‘ನಿನ್ನ ಕಸುಬು ಏನು’ ಎಂದು ಕೇಳಲೇಬೇಕೆಂದು ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಝೀನಿ 1700ರಲ್ಲೇ ಬರೆದಿದ್ದ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಏನು ಕೆಲಸ, ಎಷ್ಟು ತಾಸು, ಹೇಗೆ ಕೂತು, ಎಷ್ಟು ಭಾರ ಎತ್ತಿ. ನರ ಎಲ್ಲಿ ಒತ್ತಿದೆ ಎಂಬುದನ್ನು ಪತ್ತೆಹಚ್ಚಲು ಅವರಿಗೆ ಈ ಮಾತು ಬೇಕೇ ಬೇಕು.