ಮಕ್ಕಳ ಓದು, ಕಥಾರಚನೆ ಮತ್ತು ಟ್ಯಾಬ್ಲೆಟ್ಟಿನ ಆ್ಯಪುಗಳು

ಟ್ಯಾಬ್ಲೆಟ್ಟನ್ನು ಮಕ್ಕಳ ಕೈಗೆ ಕೊಡಬೇಕೆಂಬ ಆಲೋಚನೆಯು ಆ ಉಪಕರಣಕ್ಕಿಂತಲೂ ಹಳೆಯದು. ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನ ಕೇಂದ್ರದಲ್ಲಿದ್ದ ಅಲನ್ ಕೇ ಎಂಬ ವಿಜ್ಞಾನಿ 1972ರಲ್ಲಿ ಬರೆದ ಪ್ರಬಂಧವೊಂದರಲ್ಲಿ ‘ಡೈನಾಬುಕ್’ ಎಂಬ ಪುಸ್ತಕಾಕಾರದ ಗಣಕವನ್ನು ಕಲ್ಪಿಸಿದರು. ಮಗು ಅದರಲ್ಲಿ ಓದಿದರೆ ಸಾಲದು. ಬರೆಯಬೇಕು, ಚಿತ್ರಿಸಬೇಕು, ಯಂತ್ರಕ್ಕೆ ತಾನೇ ಆದೇಶಗಳನ್ನು ರಚಿಸಿ ಕೊಡಬೇಕು ಎಂಬುದು ಅವರ ಆಶಯವಾಗಿತ್ತು. 2010ರಲ್ಲಿ ಐಪ್ಯಾಡ್ ಬಂದ ತರುವಾಯ ಈ ಎರಡನೆಯ ಅಂಗವು ಹಲವೆಡೆ ಮರೆತುಹೋಯಿತು. ಲಾಸ್ ಏಂಜಲೀಸ್ ನಗರದ ಶಾಲಾಡಳಿತವು ಸಿದ್ಧಪಾಠಗಳನ್ನು ತುಂಬಿದ ಐಪ್ಯಾಡುಗಳನ್ನು 2013ರಲ್ಲಿ ಹಂಚತೊಡಗಿ, ಮರುವರ್ಷವೇ ಆ ಒಪ್ಪಂದವನ್ನು ನಿಲ್ಲಿಸಬೇಕಾಯಿತು. ಉಪಕರಣವನ್ನು ಕೊಳ್ಳುವುದು ಸುಲಭ. ಅದರಲ್ಲಿ ಮಗುವಿನ ಬೆರಳು ಮಾಡತಕ್ಕ ಕೆಲಸ ಯಾವುದೆಂದು ನಿರ್ಣಯಿಸುವುದು ಕಷ್ಟ.

ಓದಿನ ಆ್ಯಪುಗಳ ವಿಷಯದಲ್ಲಿ ಈ ನಿರ್ಣಯಕ್ಕೆ ಈಗ ಸಾಕಷ್ಟು ಆಧಾರ ದೊರೆತಿದೆ. ಫ್ಯೂರೆನೆಸ್, ಕುಚಿರ್ಕೋವಾ ಮತ್ತು ಬುಸ್ ಎಂಬ ಮೂವರು ವಿದ್ವಾಂಸರು 39 ಅಧ್ಯಯನಗಳನ್ನು ಒಟ್ಟುಗೂಡಿಸಿ, ಒಂದರಿಂದ ಎಂಟು ವರ್ಷದವರೆಗಿನ 1,812 ಮಕ್ಕಳ ಓದನ್ನು ವಿಶ್ಲೇಷಿಸಿದ ಲೇಖನವನ್ನು 2021ರಲ್ಲಿ ಪ್ರಕಟಿಸಿದರು. ಕಾಗದದ ಪುಸ್ತಕವನ್ನೇ ಹೆಚ್ಚಿನ ಬದಲಾವಣೆಯಿಲ್ಲದೆ ತೆರೆಯ ಮೇಲೆ ಇಟ್ಟಾಗ ಮಕ್ಕಳ ಕಥಾಗ್ರಹಣವು ಕುಗ್ಗಿತು. ಆದರೆ ತೆರೆಯ ಮೇಲಣ ಚಲನೆ, ಧ್ವನಿಗಳು ಕಥೆಯ ಅರ್ಥಕ್ಕೆ ಹೊಂದಿಕೊಂಡಿದ್ದಾಗ ಟ್ಯಾಬ್ಲೆಟ್ಟೇ ಕಾಗದವನ್ನು ಮೀರಿಸಿತು. ಉದಾಹರಣೆಗೆ, ಬಾಯಾರಿದ ಕಾಗೆಯ ಕಥೆಯನ್ನು ತೆಗೆದುಕೊಳ್ಳೋಣ. ಮಗು ಮುಟ್ಟಿದ ಕಲ್ಲು ಹೂಜಿಯೊಳಗೆ ಬಿದ್ದು ನೀರಿನ ಮಟ್ಟ ಏರುವುದಾದರೆ ಆ ಸ್ಪರ್ಶವು ಕಥೆಯ ತಿರುಳನ್ನೇ ತೋರಿಸುತ್ತದೆ. ಮುಟ್ಟಿದೊಡನೆ ಮೋಡವು ಹಾಡತೊಡಗಿದರೆ ಮಗು ನಗುವುದೇನೋ ನಿಜ, ಕಾಗೆಯನ್ನು ಮಾತ್ರ ಮರೆಯುತ್ತದೆ. ಪದವನ್ನು ಮುಟ್ಟಿದಾಗ ಅರ್ಥ ಹೇಳುವ ನಿಘಂಟಿನ ಸೌಕರ್ಯವು ಶಬ್ದಸಂಪತ್ತನ್ನು ಬೆಳೆಸಿತಾದರೂ ಕಥಾಗ್ರಹಣಕ್ಕೆ ನೆರವಾಗಲಿಲ್ಲ. ಮಗು ಟ್ಯಾಬ್ಲೆಟ್ಟಿನಲ್ಲಿ ಒಂಟಿಯಾಗಿ ಓದುವುದಕ್ಕಿಂತ, ಹಿರಿಯರೊಬ್ಬರು ಜೊತೆಯಲ್ಲಿದ್ದು ಮುದ್ರಿತ ಪುಸ್ತಕವನ್ನು ಓದಿಸುವುದೇ ಹೆಚ್ಚು ಫಲಕಾರಿಯೆಂದೂ ಇದೇ ವಿಶ್ಲೇಷಣೆಯಿಂದ ತಿಳಿದುಬಂದಿದೆ. ಉಪಾಧ್ಯಾಯರ ಕೆಲಸ ಕಡಮೆಯಾಗುವುದೆಂದು ನಂಬಿ ಟ್ಯಾಬ್ಲೆಟ್ಟನ್ನು ಸ್ವಾಗತಿಸುವವರು ಇದನ್ನು ಗಮನಿಸಬೇಕು.

ಕನ್ನಡ ಓದಿಗೆ ಬಂದಾಗ ಇನ್ನೊಂದು ತೊಡಕುಂಟು. ಧ್ವನಿ ಕೇಳಿಬರುತ್ತಿರುವಂತೆ ಆಯಾ ಪದವನ್ನು ಬಣ್ಣದಿಂದ ಬೆಳಗಿಸುವುದು ಓದಿನ ಆ್ಯಪುಗಳ ಸಾಮಾನ್ಯ ಕ್ರಮ. ಇಂಗ್ಲಿಷಿನ ಚಿಕ್ಕ ಪದಗಳಿಗೆ ಇದು ಒಪ್ಪಬಹುದು. ನಮ್ಮಲ್ಲಿ ‘ಮನೆಯವರೆಲ್ಲರಿಗೂ’ ಎಂಬುದು ಎಂಟು ಅಕ್ಷರಗಳ ಒಂದೇ ಪದ. ಅದು ಇಡಿಯಾಗಿ ಬೆಳಗಿದರೆ ಎಳೆಯ ಕಣ್ಣಿಗೆ ಯಾವ ಅಕ್ಷರಕ್ಕೆ ಯಾವ ಧ್ವನಿಯೆಂಬುದು ತಿಳಿಯದು. ‘ಸೂರ್ಯ’ ಎಂದು ಅರ್ಕಾವತ್ತು ಕೊಟ್ಟು ಬರೆದಾಗ ಮೊದಲು ಕೇಳುವ ರೇಫವು ಯಕಾರದ ನಂತರ ಕಾಣಿಸಿಕೊಳ್ಳುತ್ತದೆ. ಕನ್ನಡದ ಮಕ್ಕಳ ಅಕ್ಷರಜ್ಞಾನವು ಮೊದಲೆರಡು ತರಗತಿಗಳಲ್ಲಿಯೇ ಮುಗಿಯದೆ ಮೂರು ನಾಲ್ಕನೆಯ ತರಗತಿಗಳಲ್ಲಿಯೂ ಬೆಳೆಯುತ್ತಿರುತ್ತದೆಂದು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಆದುದರಿಂದ ಕನ್ನಡದ ಆ್ಯಪು ಅಕ್ಷರ ಅಕ್ಷರವಾಗಿ ಬೆಳಗುವಂತಿರಬೇಕೆಂದು ನನ್ನ ಅಭಿಪ್ರಾಯ.

ಇನ್ನು ರಚನೆಯ ವಿಷಯ. ಟಫ್ಟ್ಸ್ ವಿಶ್ವವಿದ್ಯಾಲಯ ಮತ್ತು ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಗಳ ವಿದ್ವಾಂಸರು ಇತರರೊಡಗೂಡಿ 2014ರಲ್ಲಿ ಹೊರತಂದ ‘ಸ್ಕ್ರ್ಯಾಚ್ ಜೂನಿಯರ್’ ಐದರಿಂದ ಏಳು ವರ್ಷದ ಮಕ್ಕಳಿಗಾಗಿ ಸಿದ್ಧವಾದ ಉಚಿತ ಆ್ಯಪು. ಇದರಲ್ಲಿ ಆದೇಶಗಳು ಚಿತ್ರತುಂಡುಗಳ ರೂಪದಲ್ಲಿವೆ. ಅವುಗಳನ್ನು ಎಡದಿಂದ ಬಲಕ್ಕೆ ಜೋಡಿಸಿದರೆ ಪಾತ್ರವು ಆ ಕ್ರಮದಲ್ಲಿಯೇ ನಡೆಯುತ್ತದೆ, ಹಾರುತ್ತದೆ, ಮಗುವೇ ಧ್ವನಿಮುದ್ರಿಸಿದ ಮಾತನ್ನು ಆಡುತ್ತದೆ. ಓದು ಬಾರದ ಮಗುವೂ ಹೀಗೆ ಕಥೆ ಕಟ್ಟಬಹುದು. ಒಂದು ಕಥೆಗೆ ನಾಲ್ಕೇ ಪುಟಗಳೆಂಬ ಮಿತಿ ಇದೆ. ಮೇಲ್ನೋಟಕ್ಕೆ ಇದು ಕೊರತೆಯೆಂದು ತೋರಿದರೂ, ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂದು ಆಲೋಚಿಸುವಂತೆ ಮಾಡುವುದು ಈ ಮಿತಿಯೇ.

ಕನ್ನಡದಲ್ಲಿ ಬರೆಯತೊಡಗಿದ ಮಕ್ಕಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಅನುಕೂಲವಾಗಿದೆ. ಇದನ್ನು ಟ್ಯಾಬ್ಲೆಟ್ಟಿನಲ್ಲಿಯೇ ತೆರೆಯಬಹುದು. ಇಲ್ಲಿಯ ಕಥೆ, ಚಿತ್ರಗಳು ಮುಕ್ತ ಪರವಾನಗಿಯಲ್ಲಿರುವುದರಿಂದ ತರಗತಿಯವರು ಅನ್ಯಭಾಷೆಯ ಕಥೆಯೊಂದನ್ನು ತಮ್ಮ ಊರಿನ ಕನ್ನಡಕ್ಕೆ ತಿರುಗಿಸಬಹುದು. ಇಲ್ಲವೆ ಚಿತ್ರಗಳನ್ನು ಆರಿಸಿ, ಅವಕ್ಕೆ ತಮ್ಮ ವಾಕ್ಯಗಳನ್ನು ಬರೆದು ಹೊಸ ಕಥೆ ಕಟ್ಟಬಹುದು. ನಾಲ್ಕೈದು ಮಕ್ಕಳಿಗೆ ಒಂದು ಟ್ಯಾಬ್ಲೆಟ್ ಸಾಕು. ಒಬ್ಬರು ಓದಿ, ಒಬ್ಬರು ಬರೆದು, ಉಳಿದವರು ತಪ್ಪು ಹಿಡಿಯುವಾಗ ನಡೆಯುವ ವಾದವೂ ಭಾಷಾಶಿಕ್ಷಣವೇ. ಇಲ್ಲಿಯ ಕಥೆಗಳನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳುವುದಕ್ಕೂ ಅವಕಾಶವಿರುವುದರಿಂದ, ಟ್ಯಾಬ್ಲೆಟ್ಟು ಇಲ್ಲದ ಮನೆಗೂ ಅವುಗಳನ್ನು ಕಳುಹಿಸಬಹುದು.