ಕಡಲ ತಳವನ್ನು ನೋಡಿ ಬರುವ ಯಂತ್ರಗಳು

ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರಿಗೆ ಗಣಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿನ ಕರಿಕಲ್ಲು ದೇಶವಿದೇಶಗಳಿಗೆ ಹೋಗಿದೆ. ಗುಂಡ್ಲುಪೇಟೆ ತಾಲೂಕಿನ ಮಡಹಳ್ಳಿಯಲ್ಲಿ 2022ರ ಮಾರ್ಚ್‌ನಲ್ಲಿ ಕ್ವಾರಿಯ ಗುಡ್ಡ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡಾಗ ಇಡೀ ನಾಡಿಗೆ ಸುದ್ದಿ ತಿಳಿಯಿತು. ಗುಡ್ಡ ಕರಗುವುದು ಊರವರ ಕಣ್ಣಿಗೆ ಬೀಳುತ್ತದೆ. ಈಗ ಕಡಲ ತಳದಲ್ಲೂ ಗಣಿಗಾರಿಕೆಗೆ ಸಿದ್ಧತೆ ನಡೆದಿದೆ. ಅಲ್ಲಿ ಏನಾಗುತ್ತಿದೆ ಎಂದು ನೋಡುವವರು ಯಾರು? ಹೆಚ್ಚಾಗಿ ಯಂತ್ರಗಳೇ. ಕರಾವಳಿಯ ನಮಗೂ, ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ ಆ ಭಾಗದ ಬಂಧುಗಳಿಗೂ ಈ ಯಂತ್ರಗಳ ಪರಿಚಯ ಇರಲಿ ಎಂದು ಈ ಬರಹ.

ಇವನ್ನು ದೂರನಿಯಂತ್ರಿತ ಜಲವಾಹನ ಎನ್ನಬಹುದು. ತಜ್ಞರು ‘ಆರ್‌ಒವಿ’ ಎನ್ನುತ್ತಾರೆ. ಒಳಗೆ ಮನುಷ್ಯರಿಲ್ಲ. ನಡೆಸುವವರು ಮೇಲೆ ಹಡಗಿನ ಕೋಣೆಯಲ್ಲಿ ಪರದೆಯ ಮುಂದೆ ಕುಳಿತಿರುತ್ತಾರೆ. ರೇಡಿಯೋ ಅಲೆಗಳು ಉಪ್ಪುನೀರಿನಲ್ಲಿ ದೂರ ಸಾಗುವುದಿಲ್ಲ. ಆದ್ದರಿಂದ ಹಡಗಿನಿಂದ ಕೆಳಗಿನವರೆಗೆ ಒಂದು ಉದ್ದನೆಯ ಕೇಬಲ್ ಬೇಕು. ವಿದ್ಯುತ್ತೂ ಅಪ್ಪಣೆಯೂ ಅದರಲ್ಲೇ ಇಳಿಯುತ್ತವೆ, ಚಿತ್ರಗಳು ಅದರಲ್ಲೇ ಮೇಲೆ ಬರುತ್ತವೆ. ದೋಣಿ ಓಲಾಡಿದರೆ ಗಾಳದ ದಾರ ಜಗ್ಗುತ್ತದೆ ಎಂಬುದು ನಮ್ಮ ಮೀನುಗಾರರಿಗೆ ಗೊತ್ತು. ಇಲ್ಲಿಯೂ ಅದೇ ತೊಂದರೆ. ಅದಕ್ಕಾಗಿ ಭಾರವಾದ ಒಂದು ಗೂಡನ್ನು ಕೇಬಲಿನ ತುದಿಯಲ್ಲಿ ಇಳಿಬಿಡುತ್ತಾರೆ; ಹಡಗಿನ ಕುಲುಕಾಟ ಗೂಡಿನ ತನಕ ಮಾತ್ರ. ಅಲ್ಲಿಂದ ವಾಹನವು ತೆಳುವಾದ ಇನ್ನೊಂದು ಹಗ್ಗದೊಡನೆ ಹೊರಟು ದೀಪ ಹಚ್ಚಿ, ಯಂತ್ರದ ಕೈಗಳಿಂದ ಮಣ್ಣು, ಕಲ್ಲು, ಜೀವಿಗಳನ್ನು ಎತ್ತಿಕೊಳ್ಳುತ್ತದೆ.

ಇಂಥ ಯಂತ್ರದ ಉಪಕಾರ ನಮ್ಮ ದೇಶಕ್ಕೆ ಒಂದು ದುಃಖದ ಸಂದರ್ಭದಲ್ಲಿ ಆಗಿತ್ತು. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಐರ್ಲೆಂಡ್ ಸಮೀಪ ಸ್ಫೋಟಗೊಂಡು 329 ಮಂದಿ ಮಡಿದರು. ಮುಂದಿನ ತಿಂಗಳು ಸುಮಾರು 2000 ಮೀಟರ್ ಆಳದಿಂದ ಅದರ ಧ್ವನಿ ಮತ್ತು ಹಾರಾಟದ ದಾಖಲೆಪೆಟ್ಟಿಗೆಗಳನ್ನು ಮೇಲೆ ತಂದದ್ದು ‘ಸ್ಕಾರಬ್’ ಎಂಬ ದೂರನಿಯಂತ್ರಿತ ವಾಹನ.

ನಮ್ಮದೇ ವಾಹನ ಬಂದದ್ದು ತಡವಾಗಿ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರಷ್ಯಾದ ಸಹಕಾರದೊಂದಿಗೆ ರೂಪಿಸಿದ ‘ರೋಸಬ್ 6000’, 2010ರಲ್ಲಿ ಮಧ್ಯ ಹಿಂದೂ ಮಹಾಸಾಗರದಲ್ಲಿ 5289 ಮೀಟರ್ ಆಳ ಮುಟ್ಟಿತು. ಗುಂಡ್ಲುಪೇಟೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1454 ಮೀಟರ್. ಅಂಥ ಮೂರು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟು ಮುಳುಗಿಸಿದರೂ ಆ ಆಳ ತುಂಬುವುದಿಲ್ಲ. ಒತ್ತಡವೋ, ಪ್ರತಿ ಚದರ ಸೆಂಟಿಮೀಟರಿಗೆ ಅರ್ಧ ಟನ್ನಿಗೂ ಹೆಚ್ಚು.

ಅಷ್ಟು ಆಳದಲ್ಲಿ ಏನಿದೆ? ಆಲೂಗೆಡ್ಡೆಯಂಥ ಕಪ್ಪು ಗಂಟುಗಳು ಹರಡಿಕೊಂಡಿವೆ. ಅವುಗಳಲ್ಲಿ ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಇವೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ‘ಗವೇಷಣಿ’ ಹಡಗಿನಿಂದ ಮೊದಲ ಗಂಟನ್ನು ಎತ್ತಿದ್ದು 1981ರ ಗಣರಾಜ್ಯೋತ್ಸವದ ದಿನ. ಅಂತಾರಾಷ್ಟ್ರೀಯ ಸಾಗರತಳ ಪ್ರಾಧಿಕಾರದೊಂದಿಗೆ 2002ರಲ್ಲಿ ಆದ ಒಪ್ಪಂದದಂತೆ 75,000 ಚದರ ಕಿ.ಮೀ. ಪ್ರದೇಶದ ಶೋಧನೆಯ ಹಕ್ಕು ಭಾರತದ್ದು. 2021ರಲ್ಲಿ ಗಣಿಯಂತ್ರವೊಂದನ್ನು 5270 ಮೀಟರ್ ಆಳದಲ್ಲಿ ಓಡಿಸಿಯೂ ನೋಡಲಾಗಿದೆ. ಬ್ಯಾಟರಿಗಳಿಗೆ ಈ ಲೋಹಗಳು ಬೇಕು, ಹೊರದೇಶದವರ ಮುಂದೆ ಕೈಚಾಚುವುದು ತಪ್ಪಬೇಕು ಎಂಬ ವಾದವನ್ನು ನಾವು ಹಗುರವಾಗಿ ತೆಗೆದುಹಾಕುವುದಿಲ್ಲ.

ಆದರೆ ಇದೇ ಯಂತ್ರಗಳು ತಂದ ಇನ್ನೊಂದು ಸಾಕ್ಷ್ಯವೂ ಇದೆ. ಗಂಟೊಂದು ಕೆಲವು ಮಿಲಿಮೀಟರ್ ಬೆಳೆಯಲು ಹತ್ತು ಲಕ್ಷ ವರ್ಷ ಬೇಕು. ಶಾಂತ ಮಹಾಸಾಗರದ ಪೆರು ಬಳಿ, 4000 ಮೀಟರಿಗೂ ಕೆಳಗೆ, ಬಿಳಿಚಿಕೊಂಡ ಆಕ್ಟೋಪಸ್‌ಗಳು ಗಂಟುಗಳಿಗೆ ಅಂಟಿ ನಿಂತ ಸತ್ತ ಸ್ಪಂಜಿನ ಕಡ್ಡಿಗಳ ಮೇಲೆ ಮೊಟ್ಟೆಯಿಟ್ಟು ಕಾಯುವುದನ್ನು ಕ್ಯಾಮೆರಾಗಳು ಕಂಡವು. ಗಂಟು ಎತ್ತಿದರೆ ತೊಟ್ಟಿಲೇ ಹೋಯಿತು! ಅದೇ ಪ್ರದೇಶದಲ್ಲಿ 1989ರಲ್ಲಿ ಜರ್ಮನ್ ವಿಜ್ಞಾನಿಗಳು ಪರೀಕ್ಷೆಗಾಗಿ ತಳವನ್ನು ಉತ್ತಿದ್ದರು. 2015ರಲ್ಲಿ, 26 ವರ್ಷಗಳ ಬಳಿಕ, ಮರಳಿ ಹೋಗಿ ನೋಡಿದಾಗ ನೇಗಿಲ ಸಾಲು ನಿನ್ನೆ ಮೊನ್ನೆಯದರಂತೆ ಹಾಗೆಯೇ ಇತ್ತು.

ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ, ನಮಗೆ ಇನ್ನೂ ಪರಿಚಯವೇ ಇಲ್ಲದ ಎಷ್ಟೋ ಜೀವಿಗಳು ಸಾಗರದಲ್ಲಿವೆ ಎಂದು ನೆನಪಿಸಿದ್ದರು. ಶಾಂತ ಮಹಾಸಾಗರದ ದ್ವೀಪಗಳ ಕ್ಯಾಥೊಲಿಕ್ ಧರ್ಮಾಧ್ಯಕ್ಷರು ಆಳಸಮುದ್ರ ಗಣಿಗಾರಿಕೆಯನ್ನು ಬಹಿರಂಗವಾಗಿ ವಿರೋಧಿಸಿದ್ದಾರೆ. ಗಣಿಗಾರಿಕೆಯ ನಿಯಮಾವಳಿ ಸಾಗರತಳ ಪ್ರಾಧಿಕಾರದ 2025ರ ಜುಲೈ ಅಧಿವೇಶನದಲ್ಲೂ ಅಂತಿಮಗೊಳ್ಳಲಿಲ್ಲ. ನಿಯಮಕ್ಕಿಂತ ಮೊದಲು ಅಗೆತ ಶುರುವಾಗಬಾರದು ಎಂಬುದು ನಮ್ಮ ಅಭಿಪ್ರಾಯ. ನೋಡಲು ಇಳಿಸಿದ ಯಂತ್ರದ ಚಿತ್ರಗಳು ಅಗೆಯಲು ಇಳಿಸುವವರ ಕಪಾಟಿನಲ್ಲಷ್ಟೇ ಉಳಿಯದೆ ಸಾರ್ವಜನಿಕರಿಗೂ ಸಿಗಬೇಕು.

ಅಮೆರಿಕದ ‘ಒಕಿಯಾನೋಸ್ ಎಕ್ಸ್‌ಪ್ಲೋರರ್’ ಹಡಗು ತನ್ನ ವಾಹನ ಇಳಿದಾಗ ಕಂಡದ್ದನ್ನು ಅಂತರ್ಜಾಲದಲ್ಲಿ ನೇರವಾಗಿ ಬಿತ್ತರಿಸುತ್ತ ಬಂದಿದೆ. ಹಳೆಯ ದೃಶ್ಯಗಳೂ ಉಚಿತವಾಗಿ ಸಿಗುತ್ತವೆ. ಸೃಷ್ಟಿಯ ಪಾಠ ಮಾಡುವ ಧರ್ಮೋಪದೇಶ ಶಿಕ್ಷಕರು ಹತ್ತು ನಿಮಿಷ ಮಕ್ಕಳಿಗೆ ತೋರಿಸಬಹುದು. ಗುಂಡ್ಲುಪೇಟೆಯ ಮಗುವಿಗೂ ಮಲ್ಪೆಯ ಮಗುವಿಗೂ ಆ ತಳ ಸಮಾನವಾಗಿ ಹೊಸದು.