ದೊಡ್ಡವರ ಬಾಕಿ, ಸಣ್ಣವರ ಬಡ್ಡಿ

ದೊಡ್ಡ ಉದ್ಯಮಗಳು ಸಣ್ಣವರನ್ನು ಬೆಳೆಯಗೊಡುವುದಿಲ್ಲ ಎಂಬ ಮಾತು ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿಯೂ ತಾರಿಹಾಳದ ಕೈಗಾರಿಕಾ ವಸಾಹತಿನಲ್ಲಿಯೂ ಕೇಳಿಬರುತ್ತದೆ. ಆದರೆ ಎರಡೂ ಕಡೆ ಅದರ ಅರ್ಥ ಒಂದೇ ಅಲ್ಲ. ಪೇಟೆಯ ವರ್ತಕರ ಕಣ್ಣ ಮುಂದಿರುವುದು ಮಾಲ್‌ಗಳ ಹಾಗೂ ಆನ್‌ಲೈನ್ ಮಾರಾಟ ಸಂಸ್ಥೆಗಳ ಕಡಿಮೆ ಬೆಲೆ. ವಸಾಹತಿನ ಸಣ್ಣ ಕಾರ್ಖಾನೆದಾರರಿಗೆ ದೊಡ್ಡ ಸಂಸ್ಥೆಯು ಬಹುಪಾಲು ಪ್ರತಿಸ್ಪರ್ಧಿಯೇ ಅಲ್ಲ, ಅದು ಅವರ ಗಿರಾಕಿ. ಮೊದಲನೆಯ ದೂರಿನ ಕುರಿತು ಸಭೆಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ಎರಡನೆಯದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಕಾಣುವಂಥದು, ಬಾಯಿಬಿಟ್ಟು ಹೇಳುವವರು ಕಡಿಮೆ.

ಬೆಲೆಯ ವಿಷಯಕ್ಕೆ ಕಾನೂನು ಉಂಟು. ಪ್ರಬಲ ಸ್ಥಾನದಲ್ಲಿರುವ ಸಂಸ್ಥೆಯು ಪ್ರತಿಸ್ಪರ್ಧಿಗಳನ್ನು ಹೊರದೂಡುವ ಉದ್ದೇಶದಿಂದ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರುವುದನ್ನು 2002ರ ಸ್ಪರ್ಧಾ ಕಾಯ್ದೆಯ 4ನೆಯ ಕಲಮು ನಿಷೇಧಿಸುತ್ತದೆ. ಆದರೆ ದೊಡ್ಡದಾಗಿರುವುದೇ ಅಪರಾಧವಲ್ಲ. ಪ್ರಾಬಲ್ಯವನ್ನೂ ಅದರ ದುರುಪಯೋಗವನ್ನೂ ಸಾಬೀತುಪಡಿಸಬೇಕು, ಅದಕ್ಕೆ ಕಾಲ ಬೇಕು. ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಸಂಸ್ಥೆಗಳು ಕೆಲವೇ ಮಾರಾಟಗಾರರಿಗೆ ಆದ್ಯತೆ ನೀಡುತ್ತವೆ, ಭಾರಿ ರಿಯಾಯಿತಿಯಿಂದ ಮಾರುಕಟ್ಟೆಯನ್ನು ಕೆಡಿಸುತ್ತವೆ ಎಂದು ದೆಹಲಿಯ ವರ್ತಕರ ಸಂಘವೊಂದು 2019ರಲ್ಲಿ ದೂರು ಸಲ್ಲಿಸಿತು. ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತು. ಸಂಸ್ಥೆಗಳು ಕರ್ನಾಟಕ ಉಚ್ಚ ನ್ಯಾಯಾಲಯದ ಮೊರೆಹೊಕ್ಕವು. 2021ರ ಜುಲೈನಲ್ಲಿ ವಿಭಾಗೀಯ ಪೀಠವು ಮೇಲ್ಮನವಿಯನ್ನು ತಿರಸ್ಕರಿಸಿತು, ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ತನಿಖೆಯನ್ನು ತಡೆಯಲು ನಿರಾಕರಿಸಿತು. ತನಿಖೆ ನಡೆಯಬಹುದೇ ಎಂಬ ಒಂದೇ ಪ್ರಶ್ನೆಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ದಿನ ಅಂಗಡಿಯ ಬಾಡಿಗೆ ನಿಲ್ಲುವುದಿಲ್ಲ.

ಹಾಗೆಂದು ಸಣ್ಣವರು ಬೆಳೆಯಲಾರರು ಎನ್ನುವಂತಿಲ್ಲ. 1976ರಲ್ಲಿ ಗದುಗಿನಲ್ಲಿ ಒಂದೇ ಲಾರಿಯಿಂದ ಆರಂಭವಾದ ವಿಆರ್‌ಎಲ್ ಸಂಸ್ಥೆಯು ಹುಬ್ಬಳ್ಳಿಯಲ್ಲಿ ನೆಲೆಗೊಂಡು, ದೇಶದ ದೊಡ್ಡ ಸಾಗಣೆ ಸಂಸ್ಥೆಗಳಲ್ಲಿ ಒಂದಾಗಿ, 2015ರಲ್ಲಿ ಷೇರು ಮಾರುಕಟ್ಟೆಯನ್ನು ಪ್ರವೇಶಿಸಿದುದು ಈ ಭಾಗದ ಎಲ್ಲರಿಗೂ ತಿಳಿದ ಸಂಗತಿ. ಸ್ಥಾಪಕರ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ, ಅದು ಯೋಗ್ಯವೇ. ಆದರೆ ಆ ವ್ಯವಹಾರದ ಸ್ವರೂಪವನ್ನೂ ಗಮನಿಸಬೇಕು. ಪಾರ್ಸಲ್ ಸಾಗಣೆಯಲ್ಲಿ ಗಿರಾಕಿಗಳು ಸಾವಿರಾರು ಜನ. ಬಾಡಿಗೆಯ ಹಣ ಬಹುಮಟ್ಟಿಗೆ ಮಾಲು ಹೇರುವಾಗಲೋ ಬಿಡಿಸಿಕೊಳ್ಳುವಾಗಲೋ ಕೈಸೇರುತ್ತದೆ. ಯಾವ ಒಬ್ಬ ಗಿರಾಕಿಯ ಮರ್ಜಿಗೂ ಸಂಸ್ಥೆ ಸಿಲುಕುವುದಿಲ್ಲ. ಗೋಕುಲ ರಸ್ತೆಯಲ್ಲಿ ವಾಲ್ವಿನ ಬಿಡಿಭಾಗ ತಯಾರಿಸುವವರಿಗಾಗಲಿ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ವಾಹನ ಕಾರ್ಖಾನೆಗಳನ್ನು ನಂಬಿ ಶೆಡ್ ಹಾಕಿದವರಿಗಾಗಲಿ ಈ ಅನುಕೂಲ ಇಲ್ಲ. ಇವರ ಗಿರಾಕಿಗಳು ಇಬ್ಬರೋ ಮೂವರೋ, ಕೆಲವೊಮ್ಮೆ ಒಬ್ಬರೇ.

ಉದಾಹರಣೆಗೆ, ತಿಂಗಳಿಗೆ 10 ಲಕ್ಷ ರೂಪಾಯಿಯ ಮಾಲನ್ನು ಒಬ್ಬ ದೊಡ್ಡ ಖರೀದಿದಾರರಿಗೆ ಪೂರೈಸುವ ಒಂದು ಘಟಕವನ್ನು ಕಲ್ಪಿಸಿಕೊಳ್ಳೋಣ. ಶೇ. 18ರ ಜಿಎಸ್‌ಟಿ ಸೇರಿ ಬಿಲ್ಲಿನ ಮೊತ್ತ 11.80 ಲಕ್ಷ. ಹಣ 120 ದಿನಕ್ಕೆ ಬರುತ್ತದೆಂದರೆ ಯಾವಾಗಲೂ ನಾಲ್ಕು ತಿಂಗಳ ಬಿಲ್ಲು, ಅಂದರೆ 47.20 ಲಕ್ಷ ರೂಪಾಯಿ, ಹೊರಗೆ ಉಳಿದಿರುತ್ತದೆ. 45 ದಿನಕ್ಕೆ ಬಂದಿದ್ದರೆ ಉಳಿಯುತ್ತಿದ್ದುದು 17.70 ಲಕ್ಷ. ವ್ಯತ್ಯಾಸದ 29.50 ಲಕ್ಷವನ್ನು ಬ್ಯಾಂಕಿನ ಕ್ಯಾಶ್ ಕ್ರೆಡಿಟ್‌ನಿಂದ ಶೇ. 12ರ ಬಡ್ಡಿಗೆ ತರುವುದಾದರೆ ವರ್ಷಕ್ಕೆ 3.54 ಲಕ್ಷ ಬಡ್ಡಿ. 1.20 ಕೋಟಿ ವಹಿವಾಟಿನ ಮೇಲೆ ಶೇ. 6ರ ಲಾಭ ಹಿಡಿದರೂ 7.20 ಲಕ್ಷ. ಅದರ ಹೆಚ್ಚುಕಡಿಮೆ ಅರ್ಧದಷ್ಟು ಮೊತ್ತ ವಿಳಂಬದ ಬಡ್ಡಿಗೇ ಸರಿ. ಹೊಸ ಯಂತ್ರ ಕೊಳ್ಳಬೇಕಾದ ಹಣ ಇದೇ. ದೊಡ್ಡ ಸಂಸ್ಥೆಗೆ ಬ್ಯಾಂಕು ಇದಕ್ಕಿಂತ ಕಡಿಮೆ ದರದಲ್ಲಿ ಸಾಲ ಕೊಡುತ್ತದೆ. ಆದರೂ ಅದು ಬಡ್ಡಿಯಿಲ್ಲದ ಸಾಲವನ್ನು ತನ್ನ ಪೂರೈಕೆದಾರರಿಂದಲೇ ಪಡೆಯುತ್ತದೆ.

ಇದರ ಮೇಲೆ ತೆರಿಗೆಯ ಹೊರೆ ಬೇರೆ. ಖರೀದಿದಾರರು ಹಣ ಕೊಡಲಿ ಬಿಡಲಿ, ಪೂರೈಕೆದಾರರು ಮರು ತಿಂಗಳೇ ಜಿಎಸ್‌ಟಿ ಕಟ್ಟಬೇಕು. ಖರೀದಿದಾರರಾದರೋ ಹಣ ಕೊಡದೆಯೇ ಹೂಡುವಳಿ ತೆರಿಗೆ ಜಮೆ ಪಡೆಯಬಹುದು, 180 ದಿನದೊಳಗೆ ಪಾವತಿಸದಿದ್ದರೆ ಮಾತ್ರ ಅದನ್ನು ಹಿಂದಿರುಗಿಸಬೇಕು. ಒಂದು ಕಾಯ್ದೆ 45 ದಿನ ಎನ್ನುವಾಗ ಇನ್ನೊಂದು 180 ದಿನ ಕಾಯುವುದು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ.

ಆ 45 ದಿನದ ನಿಯಮ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯದು. ಅದರ 15ನೆಯ ಕಲಮಿನಂತೆ ಸೂಕ್ಷ್ಮ ಹಾಗೂ ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೆ ಒಪ್ಪಿದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಸಂದಾಯವಾಗಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದನ್ನು ತಿಂಗಳು ತಿಂಗಳಿಗೆ ಅಸಲಿಗೆ ಸೇರಿಸಬೇಕು. ಬ್ಯಾಂಕ್ ದರ ಶೇ. 6 ಎಂದು ಹಿಡಿದರೆ ಬಡ್ಡಿ ಶೇ. 18. ವಿವಾದವನ್ನು ಸೌಲಭ್ಯ ಮಂಡಳಿಗೆ ಒಯ್ಯಬಹುದು. ಮಂಡಳಿಯ ತೀರ್ಪನ್ನು ಪ್ರಶ್ನಿಸುವ ಖರೀದಿದಾರರು ಮೊದಲು ಶೇ. 75ರಷ್ಟು ಮೊತ್ತವನ್ನು ಠೇವಣಿ ಇಡಬೇಕು. ಕಾಗದದ ಮೇಲೆ ಇದಕ್ಕಿಂತ ಬಿಗಿಯಾದ ಕಾನೂನನ್ನು ಸಣ್ಣ ಉದ್ದಿಮೆದಾರರು ಕೇಳುವಂತಿಲ್ಲ. ಆದರೆ ದೂರು ಕೊಟ್ಟ ಮರುದಿನ ಆರ್ಡರ್ ನಿಂತರೆ ಕೂಲಿಗಳಿಗೆ ಪಗಾರ ಎಲ್ಲಿಂದ? ವ್ಯವಹಾರ ಮುರಿದ ಮೇಲೆಯೇ ಬಹಳಷ್ಟು ಜನ ಈ ಕಾಯ್ದೆಯನ್ನು ನೆನೆಯುತ್ತಾರೆ.

ದೂರು ಕೊಡುವ ಹೊಣೆಯನ್ನು ಪೂರೈಕೆದಾರರಿಂದ ತಪ್ಪಿಸಿದ್ದೇ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಉಪಬಂಧದ ವಿಶೇಷ. 2023ರ ಹಣಕಾಸು ಕಾಯ್ದೆಯು ಸೇರಿಸಿದ ಇದು 2024-25ರ ಕರನಿರ್ಧಾರ ವರ್ಷದಿಂದ ಅನ್ವಯಿಸಿತು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಈ ನಿಯಮವನ್ನು ಉಳಿಸಿಕೊಳ್ಳಲಾಗಿದೆ. ಅವಧಿ ಮೀರಿದ ಬಾಕಿಯನ್ನು ಖರೀದಿದಾರರು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚು ಹಾಕಬಹುದು. ಆದರೆ 2024ರ ಮಾರ್ಚ್ ಸಮೀಪಿಸಿದಂತೆ, ಕೆಲವು ಖರೀದಿದಾರರು ನೋಂದಣಿಯಿಲ್ಲದವರ ಕಡೆಗೋ ಮಧ್ಯಮ ಘಟಕಗಳ ಕಡೆಗೋ ಹೊರಳುತ್ತಿದ್ದಾರೆ, ಉದ್ಯಮ್ ನೋಂದಣಿಯನ್ನೇ ರದ್ದುಪಡಿಸಿಕೊಳ್ಳಿ ಎನ್ನುತ್ತಿದ್ದಾರೆ ಎಂಬ ದೂರುಗಳು ದೇಶದ ನಾನಾ ಕಡೆಗಳಿಂದ ಕೇಳಿಬಂದವು. ಮಧ್ಯಮ ಘಟಕಗಳಿಗೆ ಈ ರಕ್ಷಣೆ ಇಲ್ಲದಿರುವುದು ಕಾನೂನಿನ ದೊಡ್ಡ ಕಿಂಡಿ.

ವರ್ತಕರ ಸ್ಥಿತಿ ಇನ್ನೂ ಇಕ್ಕಟ್ಟಿನದು. 2021ರ ಜುಲೈ 2ರ ಆದೇಶದಂತೆ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳು ಉದ್ಯಮ್ ನೋಂದಣಿ ಪಡೆಯಬಹುದಾದರೂ ಅದರ ಲಾಭ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ. ದೊಡ್ಡ ಸಂಸ್ಥೆಯೊಂದು ದಾಜಿಬಾನ ಪೇಟೆಯ ಸಗಟು ವ್ಯಾಪಾರಿಗೆ ಆರು ತಿಂಗಳು ಹಣ ಕೊಡದಿದ್ದರೂ 45 ದಿನದ ನಿಯಮ ಅವರ ನೆರವಿಗೆ ಬರುವುದಿಲ್ಲ. ಅದೇ ವ್ಯಾಪಾರಿ ಸಣ್ಣ ತಯಾರಕರಿಂದ ಕೊಂಡ ಮಾಲಿಗೆ ಮಾತ್ರ 45 ದಿನ ಮೀರುವಂತಿಲ್ಲ. ನವಲಗುಂದ, ಕುಂದಗೋಳದ ಹಳ್ಳಿಯ ಅಂಗಡಿಗಳಿಗೆ ಸುಗ್ಗಿಯವರೆಗೆ ಉದ್ರಿ ಕೊಡುವ ರೂಢಿ ಈ ಭಾಗದಲ್ಲಿ ಹಳೆಯದು. ಹತ್ತಿ, ಮೆಣಸಿನಕಾಯಿ ಮಾರಾಟವಾಗದೆ ಅಲ್ಲಿಂದ ಹಣ ಬಾರದು. ಆದರೂ ಒಂದು ಮಾತು ಹೇಳಲೇಬೇಕು. ದೊಡ್ಡವರ ವಿಳಂಬವನ್ನು ದೂರುವ ನಮ್ಮ ಪೇಟೆಗಳಲ್ಲಿಯೇ ಜಾಬ್ ವರ್ಕ್ ಮಾಡುವ ಸಣ್ಣ ಶೆಡ್ಡಿನವರಿಗೆ ‘ಮುಂದಿನ ವಾರ ಬಾ’ ಎನ್ನುವವರು ಇಲ್ಲದಿಲ್ಲ. ಸಾಲುಸಾಲಾಗಿ ಕೆಳಗಿಳಿಯುವ ಈ ವಿಳಂಬದಲ್ಲಿ ಕೊನೆಗೆ ನಿಲ್ಲುವವನು ಲೇಥ್ ಯಂತ್ರದ ಮುಂದಿರುವವನು.

ಬಿಲ್ಲುಗಳನ್ನು ವಿದ್ಯುನ್ಮಾನ ವೇದಿಕೆಯಲ್ಲಿ ಹರಾಜಿಗಿಟ್ಟು ಬ್ಯಾಂಕುಗಳಿಂದ ಮುಂಚಿತವಾಗಿ ಹಣ ಪಡೆಯುವ ‘ಟ್ರೆಡ್ಸ್’ ವ್ಯವಸ್ಥೆ ಇಲ್ಲಿನವರಿಗೆ ಇನ್ನಷ್ಟು ಪರಿಚಯವಾಗಬೇಕು. 250 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳು ಅದರಲ್ಲಿ ನೋಂದಾಯಿಸುವುದನ್ನು 2024ರ ನವೆಂಬರ್ ಅಧಿಸೂಚನೆ ಕಡ್ಡಾಯಗೊಳಿಸಿತು. ಆದರೆ ಖರೀದಿದಾರರು ಬಿಲ್ಲನ್ನು ಅಲ್ಲಿ ಅಂಗೀಕರಿಸಿದರೆ ಮಾತ್ರ ಪ್ರಯೋಜನ. ನೋಂದಣಿ ಬೇರೆ, ಅಂಗೀಕಾರ ಬೇರೆ.

ಜಗಳವಿಲ್ಲದೆ ಮಾಡಬಹುದಾದ ಕೆಲಸಗಳೂ ಇವೆ. ಉದ್ಯಮ್ ನೋಂದಣಿಯನ್ನು ಒಪ್ಪಂದಕ್ಕೆ ಮುಂಚೆಯೇ ಪಡೆಯಬೇಕು. ವ್ಯಾಜ್ಯ ಹುಟ್ಟಿದ ಮೇಲೆ ಮಾಡಿಸಿದ ನೋಂದಣಿಗೆ ನ್ಯಾಯಾಲಯಗಳು ಹಿಂದಿನ ಪೂರೈಕೆಯ ರಕ್ಷಣೆಯನ್ನು ನಿರಾಕರಿಸಿದ ಪ್ರಕರಣಗಳಿವೆ. ಆ ಸಂಖ್ಯೆ ಪ್ರತಿ ಬಿಲ್ಲಿನ ಮೇಲೂ ಇರಲಿ. ಮಾಲು ತಲುಪಿದ ದಿನದ ಸಹಿ ಪಡೆದಿಡಬೇಕು, ಏಕೆಂದರೆ 15 ದಿನದೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಮಾಲು ತಲುಪಿದ ದಿನವೇ ಅಂಗೀಕಾರದ ದಿನ. ಇನ್ನೊಂದು ಸಂಗತಿಯನ್ನು ಬಹುತೇಕರು ಬಳಸುವುದೇ ಇಲ್ಲ. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ವರ್ಷಾಂತ್ಯಕ್ಕೆ ಎಷ್ಟು ಬಾಕಿ, ಅದರ ಮೇಲೆ ಎಷ್ಟು ಬಡ್ಡಿ ಎಂಬುದನ್ನು ಖರೀದಿದಾರ ಕಂಪನಿಯು 22ನೆಯ ಕಲಮಿನಂತೆ ತನ್ನ ವಾರ್ಷಿಕ ಲೆಕ್ಕಪತ್ರದಲ್ಲಿ ತೋರಿಸಬೇಕು. ಆ ಲೆಕ್ಕಪತ್ರವನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅಲ್ಪ ಶುಲ್ಕ ತೆತ್ತು ಯಾರು ಬೇಕಾದರೂ ನೋಡಬಹುದು. ಹೊಸ ಆರ್ಡರ್‌ಗೆ ಸಹಿ ಹಾಕುವ ಮುನ್ನ ಆ ಒಂದು ಟಿಪ್ಪಣಿಯನ್ನು ಓದಿ, ಬೆಲೆಯಲ್ಲಿ ಎಷ್ಟು ದಿನದ ಬಡ್ಡಿ ಸೇರಿಸಬೇಕೆಂಬುದನ್ನು ಅಲ್ಲಿಯೇ ನಿರ್ಧರಿಸಿಕೊಳ್ಳಬಹುದು.